ಹೆಸರಿನ ಜಾಗ ಖಾಲಿ ಇದ್ದರೆ

ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದು ನಾದುತ್ತಿದ್ದ ಶೈಲಾಳ ಕೈ ನಡುವೆಯೇ ನಿಂತುಬಿಟ್ಟಿತು. ಹಿಟ್ಟು ಬೆರಳಸಂದಿಯಲ್ಲಿ ಒಣಗಿ ಬಿಗಿಯತೊಡಗಿದರೂ ಅವಳ ಕಣ್ಣು ಊಟದ ಮೇಜಿನ ಮೇಲೆ ತೆರೆದಿಟ್ಟಿದ್ದ ಲ್ಯಾಪ್‌ಟಾಪಿನ ಕಡೆಗೇ ಹೋಗುತ್ತಿತ್ತು. ಅಲ್ಲಿ ಹನ್ನೊಂದು ಸಾಲುಗಳಿದ್ದವು. ಒಂದೊಂದರಲ್ಲೂ ತಾಯಿಯ ಹೆಸರು, ಫೋನ್ ನಂಬರು, ಹೆರಿಗೆಯ ತಾರೀಖು, ಭಾಷೆ ಎಂಬಲ್ಲಿ ಕನ್ನಡ; ಮಗುವಿನ ಹೆಸರು ಎಂಬಲ್ಲಿ ಮಾತ್ರ ಏನೂ ಇಲ್ಲ. ಯಾವುದು ಇನ್ನೂ ಹೆಸರಿಡದ ಮಗು, ಯಾವುದು ಇನ್ನಿಲ್ಲದ ಮಗು ಎಂದು ಆ ಪಟ್ಟಿ ಹೇಳುತ್ತಿರಲಿಲ್ಲ. ನಿನ್ನೆ ಸಂಜೆಯಿಂದ ಅವಳು ಅದನ್ನು ಎಷ್ಟು ಸಲ ತೆರೆದು ಮುಚ್ಚಿದ್ದಳೋ. ಹಂಚು ಕಾಯ್ದು ಹೊಗೆಯಾಡುತ್ತಿತ್ತು. ಮಗಳು ಸಿಂಚನಾ ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ಬಂದು, ಬಾಚಣಿಗೆ ಹಿಡಿದು, ಬೆನ್ನು ತಿರುಗಿಸಿ ನಿಂತಿತು. ಜಡೆ ಹೆಣೆಯಬೇಕು. ಡಬ್ಬಿ ಕಟ್ಟಬೇಕು. ಏಳೂಮುಕ್ಕಾಲಕ್ಕೆ ಸ್ಕೂಲ್ ವ್ಯಾನು. ಶೈಲಾ ಕೈ ತೊಳೆದುಕೊಂಡಳು. ಉಗುರಿನ ಬುಡದಲ್ಲಿ ಹಿಟ್ಟು ಉಳಿದೇ ಇತ್ತು.

ಉಪ್ಪಲಿನ ಆ ಹೆರಿಗೆ ಆಸ್ಪತ್ರೆ ಒಂದು ಟ್ರಸ್ಟಿನವರದು. ಅಲ್ಲಿ ಹೆತ್ತವರಿಗೆಲ್ಲ ತಿಂಗಳಿಗೊಮ್ಮೆ, ಮಗು ಹುಟ್ಟಿದ ತಾರೀಖಿನಂದು, ಫೋನಿಗೊಂದು ಲಿಂಕ್ ಹೋಗುತ್ತದೆ. ಒತ್ತಿದರೆ ಪುಟ ತೆರೆಯುತ್ತದೆ: ನಿಮ್ಮ ಮಗುವಿಗೆ ಇಂದು ಇಷ್ಟು ತಿಂಗಳು, ಈಗ ಅದು ಹೀಗೆ ಮಾಡುತ್ತಿರಬೇಕು, ಮುಂದಿನ ಲಸಿಕೆ ಇಂಥ ದಿನ. ಪುಟದ ಅಚ್ಚು ಎಲ್ಲರಿಗೂ ಒಂದೇ. ಮೊದಲೇ ಬರೆದಿಟ್ಟ ಮಾತುಗಳ ನಡುವೆ ಅಲ್ಲಲ್ಲಿ ಕಂಸ, ಕಂಸದೊಳಗೆ ಖಾಲಿ ಜಾಗ. ಶೈಲಾ ಬರೆದ ಸ್ಕ್ರಿಪ್ಟು, ಅಂದರೆ ಕಂಪ್ಯೂಟರಿಗೆ ಕೊಟ್ಟ ಆಜ್ಞೆಗಳ ಸಾಲು, ಆಸ್ಪತ್ರೆಯ ಪಟ್ಟಿಯಿಂದ ಹೆಸರನ್ನೂ ತಿಂಗಳನ್ನೂ ಎತ್ತಿ ತಂದು ಆ ಜಾಗದಲ್ಲಿ ಕೂರಿಸುತ್ತದೆ. ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಮೊದಲೇ ಇತ್ತು. ಕನ್ನಡ ಬೇಕೆಂದು ಯಾರೂ ಕೇಳಿರಲಿಲ್ಲ. ಪಟ್ಟಿಯಲ್ಲಿ ಯಾದಗಿರಿ, ರಾಯಚೂರು, ಸೇಡಂ ಕಡೆಯ ಹೆಸರುಗಳ ಎದುರು ಭಾಷೆಯ ಕಾಲಂನಲ್ಲಿ ‘ಇತರೆ’ ಎಂದಿರುವುದನ್ನು ನೋಡಿ ನೋಡಿ, ಇವರೆಲ್ಲ ನಮ್ಮವರೇ ಅಲ್ಲವೇ ಎನ್ನಿಸಿ, ಅಲ್ಲಿ ‘ಕನ್ನಡ’ ಎಂದು ತಿದ್ದಿಸಿ, ಅಡುಗೆ ಮುಗಿದ ಮೇಲಿನ ಹೊತ್ತುಗಳಲ್ಲಿ ಅವಳೇ ಬರೆದಳು. ಓದಲು ಬಾರದವರಿಗೆಂದು ಕೇಳುವ ಗುಂಡಿಯೊಂದನ್ನು ಇಟ್ಟು, ಯಂತ್ರದ ಕನ್ನಡ ಸತ್ತಂತೆ ಕೇಳುತ್ತದೆಂದು ತನ್ನದೇ ದನಿಯಲ್ಲಿ, ರಾಯಚೂರಿನ ಮಾತಿನಲ್ಲೇ, ಹನ್ನೆರಡು ತಿಂಗಳಿನದನ್ನೂ ಓದಿ ಹಾಕಿದಳು. ಬಟ್ಟೆಯ ಕಪಾಟಿನ ಬಾಗಿಲು ತೆರೆದು, ಸೀರೆಗಳ ನಡುವೆ ಮುಖವಿಟ್ಟು ಓದುವಾಗ ಸಿಂಚನಾ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಾವಲು ಕೂತಿತ್ತು. ಅವಳು ಕೆಲಸ ಮಾಡುವ ಮಾದಾಪುರದ ಸಾಫ್ಟ್‌ವೇರ್ ಆಫೀಸಿನಲ್ಲಿ ಅದನ್ನು ಕೇಳಿದ ನಿಶಾಂತ, ಅವಳ ಮೇಲಿನವನು, ಮೈಸೂರಿನ ಹುಡುಗ, ಚೆನ್ನಾಗಿದೆ, ನಮ್ಮೂರಿನವರಿಗೆ ಅರ್ಥವಾಗಲಿಕ್ಕೆ ಅಡಿಬರಹ ಹಾಕಬೇಕಷ್ಟೆ ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಕಿವಿ ಬಿಸಿಯಾಗಿತ್ತು.

ಹೆಸರಿನ ಜಾಗ ಖಾಲಿ ಇದ್ದರೆ ‘ಕೂಸು’ ಎಂದು ತುಂಬು. ಕನ್ನಡದ ಸ್ಕ್ರಿಪ್ಟಿನಲ್ಲಿ ಅದು ಒಂದೇ ಸಾಲು. ಬೇರೆ ಭಾಷೆಯ ಪುಟಗಳಲ್ಲಿ ಹೆಸರಿಲ್ಲದಿದ್ದರೆ ಪುಟವೇ ಹೊರಡದು. ಯಾರೋ ಹಿಂದಿನವರು ಹಾಗೆ ಬರೆದಿಟ್ಟಿದ್ದರು. ಅದನ್ನು ಕಂಡಾಗ ಅವಳಿಗೆ ಸಣ್ಣ ಸಿಟ್ಟು ಬಂದಿತ್ತು. ನಮ್ಮ ಕಡೆ ತೊಟ್ಟಿಲಿಗೆ ಹಾಕುವವರೆಗೆ ಹೆಸರೆಲ್ಲಿ? ಗಂಡನ ಮನೆಯವರು ಬರಬೇಕು, ಸೋದರತ್ತೆ ಕಿವಿಯಲ್ಲಿ ಕೂಗಬೇಕು, ಅಷ್ಟರಲ್ಲಿ ಮನೆತನದಲ್ಲಿ ಯಾರಾದರೂ ತೀರಿಕೊಂಡರೆ ಸೂತಕ ಕಳೆಯಬೇಕು. ಸಿಂಚನಾಳಿಗೆ ಹೆಸರಿಟ್ಟಿದ್ದೇ ಮೂರು ತಿಂಗಳು ತುಂಬಿದ ಮೇಲೆ. ಅಲ್ಲಿಯ ತನಕ ಪ್ರತಿ ಚೀಟಿಯಲ್ಲೂ ‘ಬೇಬಿ ಆಫ್ ಶೈಲಾ’ ಎಂದು ನೋಡಿ, ಮಗುವಿನ ಹಣೆಗೆ ಹಣೆ ತಾಗಿಸಿ, ನೀ ಯಾರವ್ವಾ, ನಿನ್ನ ಹೆಸರೇನವ್ವಾ ಎಂದು ಕೇಳುತ್ತಿದ್ದಳು. ಹೆಸರಿಲ್ಲವೆಂಬ ಕಾರಣಕ್ಕೆ ಯಾವ ತಾಯಿಗೂ ಪುಟ ತಪ್ಪಬಾರದು ಎಂದು ಆ ಒಂದು ಸಾಲು ಬರೆದಳು. ಬರೆದ ದಿನ ಸಂತೋಷಕ್ಕೆ ಶಾವಿಗೆ ಪಾಯಸ ಮಾಡಿದ್ದಳು; ಯಾಕೆ ಎಂದು ಗಂಡ ಕಾಶಿನಾಥ ಕೇಳಿದರೆ ಸುಮ್ಮನೆ ಎಂದಿದ್ದಳು.

ನಿನ್ನೆ ನಿಶಾಂತ ಫೋನಿನಲ್ಲಿ ಹೇಳಿದ್ದು ಇಷ್ಟು. ಉಪ್ಪಲಿನ ಆಸ್ಪತ್ರೆಗೆ ಪ್ರತಿ ಸೋಮವಾರ ಒಬ್ಬ ಹೆಂಗಸು ಬಂದು ಕೂರುತ್ತಾಳೆ. ಹೆಸರು ಗದಿಗೆಮ್ಮ, ಸುರಪುರದ ಕಡೆಯವಳು, ಕಟ್ಟಡದ ಕೆಲಸ. ಅವಳ ಮಗು ಹುಟ್ಟಿದ ಐದನೆಯ ದಿನವೇ ಹೋಗಿದೆ. ಆದರೆ ಪುಟ ಆರು ತಿಂಗಳಿಂದ ಹೋಗುತ್ತಲೇ ಇದೆ. ಮಗು ಬದುಕಿದೆ, ಆಸ್ಪತ್ರೆಯವರು ಎಲ್ಲೋ ಇಟ್ಟಿದ್ದಾರೆ, ಇಲ್ಲದಿದ್ದರೆ ಫೋನಿನವರು ಹೇಗೆ ಹೇಳುತ್ತಾರೆ ಎನ್ನುತ್ತಾಳಂತೆ. ಅಲ್ಲಿ ಯಾರಿಗೂ ಅವಳ ಮಾತು ಪೂರ್ತಿ ತಿಳಿಯದು. “ಸಣ್ಣ ಎಡ್ಜ್ ಕೇಸ್, ಅಪರೂಪಕ್ಕೆ ಆಗೋ ಎಡವಟ್ಟು ಶೈಲಾ ಅವರೇ, ನಾಳೆ ಸೋಮವಾರ, ನೀವೊಂದ್ಸಲ ಹೋಗಿ ಮಾತಾಡಿದ್ರೆ ಮುಗಿದುಹೋಗುತ್ತೆ,” ಎಂದ. ಅವಳು ಆಯಿತು ಎಂದಳು. ಫೋನ್ ಇಟ್ಟ ಮೇಲೆ, ಆರನೆಯ ತಿಂಗಳ ಪುಟದಲ್ಲಿ ತಾನು ಬರೆದದ್ದೇನು ಎಂದು ತೆರೆದು ನೋಡಿದಳು. ಎರಡು ಸಾಲು ಓದುವಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚಿದಳು.

“ಅಮ್ಮಾ, ಜಡಿ ಭಾಳ ಬಿಗಿ ಆತು,” ಎಂದಿತು ಸಿಂಚನಾ. ಬಿಚ್ಚಿ ಮತ್ತೆ ಹೆಣೆದಳು. ಕಾಶಿನಾಥ ಬೂಟಿನ ಲೇಸು ಕಟ್ಟುತ್ತ, ನೀನು ಯಾಕೆ ಹೋಗಬೇಕು, ಪಟ್ಟಿ ಅವರದು, ತಪ್ಪು ಅವರದು ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅವಳಿಗೆ ಅದನ್ನು ನಂಬುವ ಆಸೆಯೂ ಆಯಿತು.

ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿ, ಅಮೀರ್‌ಪೇಟೆಯಲ್ಲಿ ಇಳಿದು ಬೇರೆ ಗಾಡಿ ಹಿಡಿಯುವ ತನಕ ಅವಳು ಏನು ಹೇಳಬೇಕೆಂದು ಮನಸ್ಸಿನಲ್ಲೇ ಬರೆದು ಅಳಿಸುತ್ತಿದ್ದಳು. ಕಂಪ್ಯೂಟರಿನಲ್ಲಿ ತಪ್ಪಾಗಿದೆ ಎನ್ನಬಹುದು. ಆ ಮಾತಿನಲ್ಲಿ ತಾನೆಲ್ಲಿಯೂ ಇಲ್ಲ. ಎದುರು ಸೀಟಿನ ಕಿಟಕಿಯಲ್ಲಿ ನೀರಿನ ಟ್ಯಾಂಕುಗಳು, ಅರ್ಧ ಎದ್ದ ಕಟ್ಟಡಗಳು, ಅವುಗಳ ಹಸಿರು ಪರದೆ ಹಿಂದಕ್ಕೆ ಓಡುತ್ತಿದ್ದವು. ಆ ಪರದೆಗಳ ಹಿಂದೆ ಬುಟ್ಟಿ ಹೊತ್ತವರು ಯಾವ ಭಾಷೆಯವರೋ. ಚಿಕ್ಕಂದಿನ ಒಂದು ದಿನ ನೆನಪಾಯಿತು: ರಾಯಚೂರಿನ ಮನೆಯ ಕಟ್ಟೆಯ ಮೇಲೆ ಜನಗಣತಿಯ ಮೇಷ್ಟ್ರು ದಪ್ಪ ಪುಸ್ತಕ ಬಿಡಿಸಿಕೊಂಡು ಕೂತಿದ್ದರು. ಮಕ್ಕಳೆಷ್ಟು ಬಾಯರೆ ಎಂದರು. ಅವ್ವ ಉಮಾಬಾಯಿ ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣೆತ್ತದೆ ನಾಲ್ಕು ಎಂದಳು. ಒಳಗಿನಿಂದ ಅಪ್ಪ, ಮೂರು ಬರಕೊಳ್ರಿ ಎಂದು ಕೂಗಿದ. ಮೇಷ್ಟ್ರು ಬರೆದದ್ದನ್ನು ಹೊಡೆದುಹಾಕಿ ತಿದ್ದಿದರು. ಹತ್ತು ವರ್ಷದ ಶೈಲಾ ಅವ್ವನಿಗೆ ಎಣಿಸಲೂ ಬಾರದೆಂದು ಕಿಸಕ್ಕನೆ ನಕ್ಕಳು, ಮೇಷ್ಟ್ರೂ ನಕ್ಕರು. ಅವ್ವ ನಗಲೂ ಇಲ್ಲ, ಬೈಯಲೂ ಇಲ್ಲ. ಅಕ್ಕಿಯಲ್ಲಿ ಕಲ್ಲು ಸಿಕ್ಕಿತೆಂಬಂತೆ ಏನನ್ನೋ ಎತ್ತಿ ಅಂಗಳಕ್ಕೆ ಎಸೆದಳು. ಶೈಲಾಳಿಗಿಂತ ಮೊದಲು ಒಂದು ಕೂಸು ಇತ್ತು, ಒಂಬತ್ತು ದಿನ ಇತ್ತು ಎಂದು ಅವಳಿಗೆ ತಿಳಿದದ್ದು ತನ್ನದೇ ಬಾಣಂತನದಲ್ಲಿ, ಅದೂ ನೆರೆಮನೆಯವರ ಬಾಯಿಂದ. ಅವ್ವನನ್ನು ಆ ನಗೆಗಾಗಿ ಕ್ಷಮೆ ಕೇಳಬೇಕೆಂದುಕೊಂಡದ್ದು ಕೇಳದೆಯೇ ಉಳಿಯಿತು. ಉಪ್ಪಲ್ ಬಂತು, ಬಾಗಿಲು ತೆರೆದು ಜನ ಇಳಿಯುತ್ತಿದ್ದರು. ಅವಳು ಕೊನೆಯವಳಾಗಿ ಇಳಿದಳು.

ಆಸ್ಪತ್ರೆಯ ಕೌಂಟರಿನಲ್ಲಿ ವಾಸಂತಿ ಎಂಬಾಕೆ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪಟ್ಟಿ ತುಂಬುವವಳು ಅವಳೇ. ಐವತ್ತರ ಹತ್ತಿರದ ಹೆಂಗಸು, ಅವಳು ಮಾತಾಡುತ್ತಿದ್ದುದು ತೆಲುಗು. ಶೈಲಾ ತನಗೆ ಬರುವ ತೆಲುಗಿನಲ್ಲಿ, ಮಗು ಹೋದರೆ ಪಟ್ಟಿಯಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದಳು. ಏನೂ ಬರೆಯುವುದಿಲ್ಲ ಎಂದಳು ವಾಸಂತಿ. ಷರಾ ಎಂಬ ಕಾಲಂ ಇದೆ, ನಿಜ. ಆದರೆ ಐದು ದಿನದ ಕೂಸಿನ ಎದುರು ಆ ಮಾತು ಟೈಪು ಮಾಡಲು ಕೈ ಹೇಗೆ ಬಂದೀತು? ಹೆಸರು ಬರೆದಿದ್ದರೆ ಅಳಿಸುತ್ತೇವೆ, ಬರೆಯದಿದ್ದರೆ ಹಾಗೇ ಬಿಡುತ್ತೇವೆ. ಹೆಸರಿಲ್ಲದಿದ್ದರೆ ನಿಮ್ಮ ಪುಟ ಹೋಗುವುದಿಲ್ಲವಲ್ಲ, ಎಷ್ಟೋ ವರ್ಷದಿಂದ ಹಾಗೇ ನಡೆದಿದೆ, ಎಂದು ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಶೈಲಾ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಬರಲಿಲ್ಲ. ಅವಳ ಕೈ ಹಿಂಜರಿದು ಬಿಟ್ಟ ಬಿಳಿ ಜಾಗಕ್ಕೆ ತನ್ನ ಕೈ ಹೋಗಿ ಕೂಸನ್ನು ಕೂರಿಸಿತ್ತು.

ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಗದಿಗೆಮ್ಮ ಕೂತಿದ್ದಳು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಸೀರೆಯ ಮೇಲೆ ಗಂಡಸಿನ ತುಂಬುತೋಳಿನ ಅಂಗಿ, ಹಿಮ್ಮಡಿಯ ಬಿರುಕಿನಲ್ಲಿ ಸಿಮೆಂಟು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಫೋನನ್ನು ಎರಡೂ ಕೈಯಿಂದ ಮಡಿಲಲ್ಲಿ ಹಿಡಿದಿದ್ದಳು.

“ಗದಿಗೆಮ್ಮ ಅಂದ್ರ ನೀವೇ ಏನ್ರಿ?” ಎಂದಳು ಶೈಲಾ.

ಅವಳು ತಟ್ಟನೆ ತಲೆ ಎತ್ತಿದಳು. ಶೈಲಾಳ ಮುಖ ಬಿಟ್ಟು ಬಾಯಿಯನ್ನೇ ನೋಡಿದಳು. “ಇನ್ನೊಮ್ಮಿ ಮಾತಾಡ್ರಿ.”

“ಏನು ಮಾತಾಡ್ಲಿ?”

“ನೀವಽ ಅದೀರಿ. ಫೋನಿನಾಗ ಕೂಸಿನ ಸುದ್ದಿ ಹೇಳೋ ಅಕ್ಕಾರು.”

ಶೈಲಾ ಇದನ್ನು ಯೋಚಿಸಿರಲಿಲ್ಲ. ದನಿಗೂ ಒಂದು ಮುಖವಿರುತ್ತದೆಂದು ಸೀರೆಗಳ ನಡುವೆ ಮುಖವಿಟ್ಟು ಓದಿದ ದಿನ ಹೊಳೆದಿರಲಿಲ್ಲ. ಗದಿಗೆಮ್ಮ ಸರಿದು, ಬೆಂಚನ್ನು ಸೆರಗಿನಿಂದ ಒರೆಸಿ ಜಾಗ ಮಾಡಿಕೊಟ್ಟಳು. ಒಂದು ದಿನ ಅಕ್ಕಾರು ತಾವೇ ಬರುತ್ತಾರೆ ಎಂದು ತಾನು ಎಲ್ಲರಿಗೂ ಹೇಳಿದ್ದಾಗಿ, ಗಂಡ ಅಮರಯ್ಯ ಹುಚ್ಚಿ ಎಂದು ಬೈದದ್ದಾಗಿ, ತಡೆತಡೆದು, ನಡುವೆ ನಗುತ್ತ ಹೇಳಿದಳು. ಎಂಟು ತಿಂಗಳಿಗೇ ಹೆರಿಗೆಯಾಯಿತು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ತನಗೆ ಮೈ ಸುಡುವ ಜ್ವರ, ಎಚ್ಚರವಿಲ್ಲ. ಎಚ್ಚರಾಗುವಷ್ಟರಲ್ಲಿ ಅಮರಯ್ಯನೂ ಅವನ ಅಣ್ಣನೂ ಹೋಯಿತು, ಮಣ್ಣು ಮಾಡಿ ಬಂದೆವು ಎಂದರು. ಹಸಿಬಾಣಂತಿ ನೋಡಬಾರದೆಂದರು. ಎಲ್ಲಿ ಎಂದು ಕೇಳಿದರೆ ರಿಂಗ್ ರೋಡಿನ ಆಚೆ ಎಂದರು. ಗುರುತಿಲ್ಲ, ಕಲ್ಲಿಲ್ಲ. ಅಳುತ್ತ ಕೂತಿದ್ದಾಗ ಫೋನಿನಲ್ಲಿ ತಮ್ಮ ಕಡೆಯ ಹೆಣ್ಣುಮಗಳೊಬ್ಬಳು, ನಿಮ್ಮ ಕೂಸಿಗೆ ಇವತ್ತಿಗೆ ಒಂದು ತಿಂಗಳಾಯಿತು ಎಂದಳು. ಆಮೇಲೆ ನಗುತ್ತದೆ ಎಂದಳು, ಆಮೇಲೆ ಕತ್ತು ನಿಲ್ಲಿಸಿತು ಎಂದಳು. ನೋಡಿದವರಲ್ಲದೆ ಇನ್ನಾರು ಹೇಳುತ್ತಾರೆ?

“ಯಾರ ಮನ್ಯಾಗ ಐತಿ, ಅಷ್ಟ ಹೇಳ್ರಿ ಅಕ್ಕಾರ,” ಎಂದಳು ಗದಿಗೆಮ್ಮ. “ಕೊಡ್ರಿ ಅನ್ನಂಗಿಲ್ಲ ನಾನು. ದೂರ ನಿಂತು ನೋಡಿ ಬರ್ತೀನಿ.”

ನೀರಿನ ಡ್ರಮ್ಮಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಮೇಲಿನ ಮಹಡಿಯಲ್ಲಿ ಯಾವುದೋ ಮಗು ಅಳುತ್ತಿತ್ತು, ಇನ್ನೂ ದಿನ ಕಳೆಯದ ದನಿ. ಗದಿಗೆಮ್ಮನ ಕುತ್ತಿಗೆ ತಾನಾಗಿ ಅತ್ತ ತಿರುಗಿ ಮರಳಿತು. ಕಂಪ್ಯೂಟರಿನಲ್ಲಿ ತಪ್ಪಾಗಿದೆ ಎಂಬ ಮಾತು ಶೈಲಾಳ ಬಾಯಿಯ ತನಕ ಬಂತು. ಅವಳು ಅದನ್ನು ನುಂಗಿದಳು. ಗೌರಿ ಹುಣ್ಣಿಮೆಗೆ ನಿಮ್ಮಲ್ಲಿ ಸಕ್ಕರೆ ಆರತಿ ಮಾಡುತ್ತೀರಾ ಎಂದು ಕೇಳಿದಳು. ಮಾಡುತ್ತೇವೆ ಎಂದಳು ಗದಿಗೆಮ್ಮ, ಇದೆಲ್ಲಿಂದ ಬಂತೆಂಬಂತೆ. ಅದಕ್ಕೆ ಕಟ್ಟಿಗೆಯ ಅಚ್ಚು ಇರುತ್ತದೆ ಎಂದಳು ಶೈಲಾ, ಆನೆಯದು, ಗಿಳಿಯದು, ತೇರಿನದು; ಸಕ್ಕರೆ ಪಾಕ ಹೊಯ್ದರೆ ಒಂದೇ ಥರದ ಗೊಂಬೆಗಳು ಏಳುತ್ತವೆ. ಈ ಫೋನಿನ ಪುಟವೂ ಹಾಗೆ, ನಾನು ಮಾಡಿಟ್ಟ ಅಚ್ಚು. ಆಸ್ಪತ್ರೆಯವರು ಬರೆದುಕೊಟ್ಟದ್ದನ್ನು ಹೊಯ್ಯುತ್ತ ಹೋಗುತ್ತದೆ. ಅದಕ್ಕೆ ಕಣ್ಣಿಲ್ಲ. ಅದು ಯಾವ ಕೂಸನ್ನೂ ನೋಡಿಲ್ಲ. ಶೈಲಾ ಇದನ್ನೆಲ್ಲ ಮೆಲ್ಲಗೆ, ಅನ್ನ ಕಲಸಿ ಉಣಿಸುವ ಹಾಗೆ ಹೇಳಿದಳು.

“ಪಾಕಾನಽ ಇಲ್ಲ ಅಂದ್ರ ಗೊಂಬಿ ಹೆಂಗ ಬಂತು?” ಎಂದಳು ಗದಿಗೆಮ್ಮ.

“ಖಾಲಿ ಹೋಗಬಾರ್ದು ಅಂತ ನಾನಽ ಒಂದು ಪಾಕ ಮಾಡಿಟ್ಟಿದ್ದೆ. ಹೆಸರಿಲ್ಲ ಅಂದ್ರ ಕೂಸು ಅಂತ ಹೊಯ್ಯಿ ಅಂತ. ತಪ್ಪು ನಂದು.”

ಗದಿಗೆಮ್ಮ ಫೋನಿನ ಕವರು ಬಿಚ್ಚಿ, ಬೆರಳಿಗೆ ಅಭ್ಯಾಸವಾದ ಜಾಗ ಒತ್ತಿದಳು. ಶೈಲಾಳ ದನಿ ಬಂತು. ಬೆಳಗಿನ ಹೊತ್ತಿನ, ಕಪಾಟಿನ ಒಳಗಿನ, ನಗು ತುಂಬಿದ ದನಿ: ನಿಮ್ಮ ಕೂಸಿಗೆ ಇವತ್ತಿಗೆ ಆರು ತಿಂಗಳಾತ್ರಿ. ಈಗ ದಿಂಬು ಇಟ್ರ ಕುಂಡ್ರತೈತಿ. ಹಸರ ಬಳಿ ಕಂಡ್ರ ಬಿಡಂಗಿಲ್ಲ, ಹಿಡ್ದು ಬಾಯಾಗ ಹಾಕ್ಕೊಂತೈತಿ, ನೋಡ್ಕೊಳ್ರಿ. ಮುಗಿಯುವ ತನಕ ಇಬ್ಬರೂ ಕೇಳಿದರು.

“ಅವತ್ತ ಕುಂಡ್ರತೈತಿ ಅಂದ್ರಿ. ಇವತ್ತ ಇಲ್ಲ ಅಂತೀರಿ. ಎರಡೂ ಇದಽ ಬಾಯಿ,” ಎಂದಳು ಗದಿಗೆಮ್ಮ. “ಯಾವ್ದು ನಂಬ್ಲಿ? ಹಸರ ಬಳಿ ಅಂದ್ರೆಲ್ಲ. ಕೆಂಪು ಅನ್ಲಿಲ್ಲ. ನೋಡ್ದಽ ಹೆಂಗ ಹೇಳಿದ್ರಿ?”

“ನೋಡೀನಿ,” ಎಂದಳು ಶೈಲಾ. “ನನ್ನ ಮಗಳನ್ನ ನೋಡಿ ಬರದೀನಿ. ಆಕಿ ಆರು ತಿಂಗಳಿದ್ದಾಗ ನನ್ನ ಕೈಯಾಗ ಹಸರ ಬಳಿ ಇದ್ವು.”

ಅಷ್ಟು ಹೊತ್ತಿನ ಮೇಲೆ ಗದಿಗೆಮ್ಮ ಅವಳ ಬಾಯಿಯಿಂದ ಕಣ್ಣು ಕಿತ್ತು ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟೇನೂ ಕಾಣಲಿಲ್ಲ. ಯಾರದೋ ಮನೆಯ ಬಾಗಿಲನ್ನು ತನ್ನದೆಂದು ತಟ್ಟಿ, ಒಳಗಿನವರು ತೆರೆದ ಮೇಲೆ ನಿಂತವಳ ಹಾಗಿದ್ದಳು.

“ಹಂಗಾರ ಆರು ತಿಂಗಳಿಂದ ನಿನ್ನ ಮಗಳ ಸುದ್ದಿ ಕೇಳೀನಿ ನಾನು,” ಎಂದಳು. ‘ನೀವು’ ಬಿಟ್ಟುಹೋಗಿತ್ತು. “ಈಗ ಸಾಲ್ಯಾಗ ಎಷ್ಟನೆತ್ತಿ ಆಕಿ?”

“ಎರಡನೆತ್ತಿ.”

“ಬಳಿ ಈಗೂ ಹಿಡೀತಾಳೇನು?”

“ಇಲ್ಲ. ಈಗ ಮರತಾಳ.”

ಗದಿಗೆಮ್ಮ ತಲೆಯಾಡಿಸಿದಳು. ಅವಳ ಅಂಗಿಯ ತೋಳು ಮೇಲೆ ಸರಿದಿತ್ತು. ಎಡಗೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು, ಹೊಸವು, ಇಟ್ಟಿಗೆ ಹೊರುವ ಕೈಯಲ್ಲಿ ಒಂದು ವಾರವೂ ಉಳಿಯದಂಥವು. ಶೈಲಾ ನೋಡಿದ್ದು ಅವಳಿಗೆ ತಿಳಿಯಿತು. ಅಂಗಿಯ ತೋಳನ್ನು ಮುಂಗೈಯ ತನಕ ಎಳೆದುಕೊಂಡು ಗುಂಡಿ ಹಾಕಿದಳು. ಶೈಲಾ ಅವಳ ಮೊಣಕಾಲ ಮೇಲೆ ಕೈಯಿಡಲು ಹೋಗಿ, ಯಾವ ಮುಖದಿಂದ ಎನ್ನಿಸಿ ಬೆಂಚಿನ ಮೇಲೆ ಇಟ್ಟಳು.

“ಬಂದ್ ಮಾಡು ಅದನ್ನ,” ಎಂದಳು ಗದಿಗೆಮ್ಮ ಕೊನೆಗೆ.

ಮಾಡುತ್ತೇನೆ ಎಂದಳು ಶೈಲಾ.

“ಹೆಸರಿಲ್ಲದ್ದಕ್ಕ ಹಿಂಗಾತು ಅಂದೆಲ್ಲ. ಹೆಸರು ಬರದು ಬಂದ್ ಮಾಡು. ಸಾಬಮ್ಮ. ನಮ್ಮವ್ವನ ಹೆಸರು.”

ಇಬ್ಬರೂ ಕೌಂಟರಿಗೆ ಬಂದಾಗ ವಾಸಂತಿ ಕುರ್ಚಿ ಬಿಟ್ಟುಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತಳು. ಶೈಲಾ ಪಟ್ಟಿಯಲ್ಲಿ ಆ ಸಾಲು ಹುಡುಕಿ, ಬಿಳಿ ಜಾಗದಲ್ಲಿ ಒಂದೊಂದೇ ಅಕ್ಷರ ಒತ್ತಿದಳು. ಗದಿಗೆಮ್ಮ ಕೌಂಟರಿನ ಮೇಲೆ ಗದ್ದವಿಟ್ಟು ನೋಡುತ್ತಿದ್ದಳು. ಓದಲು ಬಾರದು, ಅಕ್ಷರಗಳು ಮೂಡುವುದನ್ನೇ ನೋಡಿದಳು. ಆಮೇಲೆ ಷರಾ ಎಂಬಲ್ಲಿ ಶೈಲಾ ‘ಐದನೆಯ ದಿನ ತೀರಿಕೊಂಡಿತು’ ಎಂದು ಬರೆದಳು, ‘ತೀರಿಕೊಂಡಳು’ ಎಂದು ತಿದ್ದಿದಳು. ಅದನ್ನು ಓದಿ ಹೇಳೆಂದಳು ಗದಿಗೆಮ್ಮ. ಶೈಲಾ ಓದಿ ಹೇಳಿದಳು, ಅದೇ ದನಿಯಲ್ಲಿ. ಬೇರೆ ದನಿ ಅವಳ ಹತ್ತಿರ ಇರಲಿಲ್ಲ.

“ಇದು ಯಾರಿಗೆ ಕಾಣ್ತೈತಿ?”

“ಯಾರಿಗೂ ಕಾಣಂಗಿಲ್ಲ. ಇನ್ನ ಪುಟ ಹೋಗಂಗಿಲ್ಲ.”

“ಕಾಣೋದು ಬ್ಯಾಡ,” ಎಂದಳು ಗದಿಗೆಮ್ಮ. “ಬರದದ್ದು ಹಂಗಽ ಇರ್ಲಿ.” ಫೋನನ್ನು ಕವರಿನಲ್ಲಿ ಸುತ್ತಿ, ಮುಂದಿನ ಸೋಮವಾರ ಬರುವುದಿಲ್ಲ ಎಂದು ವಾಸಂತಿಗೆ ಕೈಸನ್ನೆಯಲ್ಲಿ ತಿಳಿಸಿ, ಮೆಟ್ಟಿಲಿಳಿದು ಬಿಸಿಲಿಗೆ ಹೋದಳು. ಗೇಟಿನ ಹತ್ತಿರ ಒಮ್ಮೆ ನಿಂತಳು. ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಎರಡೂವರೆ. ಬೆಳಗಿನ ಹಿಟ್ಟು ಪರಾತದಲ್ಲಿ ಸೀಳು ಬಿಟ್ಟಿತ್ತು. ಅದನ್ನು ಹಾಗೇ ಬಿಟ್ಟು, ಮೊದಲು ‘ಕೂಸು’ ಎಂದು ತುಂಬುವ ಆ ಸಾಲನ್ನು ತೆಗೆದಳು. ಷರಾ ನೋಡದೆ ಯಾವ ಭಾಷೆಯ ಪುಟವೂ ಹೊರಡಬಾರದೆಂದು ಬರೆದಳು. ಸ್ಕ್ರಿಪ್ಟು ತಕರಾರಿಲ್ಲದೆ ಒಪ್ಪಿಕೊಂಡಿತು. ಮೊದಲಿನದನ್ನೂ ಹೀಗೇ ಒಪ್ಪಿಕೊಂಡಿತ್ತು. ನಿಶಾಂತ ಮೆಸೇಜು ಕಳಿಸಿದ್ದ: ಉಳಿದ ಹತ್ತು ಜನಕ್ಕೂ ಕ್ಷಮೆ ಕೇಳಿ ಒಂದು ಟೆಂಪ್ಲೇಟ್ ಮಾಡಿ ಕಳಿಸಿಬಿಡೋಣ, ಹೆಸರು ತಾನೇ ತುಂಬಿಕೊಳ್ಳುತ್ತೆ. ಅವಳು ಉತ್ತರ ಬರೆಯಲಿಲ್ಲ. ಹತ್ತು ನಂಬರನ್ನೂ ಸಿಂಚನಾಳ ಹಳೆಯ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡು, ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳ ನಡುವೆ ನಿಂತು, ಮೊದಲಿನದನ್ನು ಒತ್ತಿದಳು. ನಿಮ್ಮ ಕೂಸು ಇದೆಯೇ ಎಂದು ಒಬ್ಬ ತಾಯಿಯನ್ನು ಹೇಗೆ ಕೇಳುವುದು? ಲಸಿಕೆಯ ನೆಪ ಮಾಡಬಹುದು. ನೆಪಕ್ಕೂ ಅಚ್ಚು ಇರುತ್ತದೆ. ಕೆಳಗೆ ಸ್ಕೂಲ್ ವ್ಯಾನು ಬಂದು ನಿಂತಿತು. ಸಿಂಚನಾ ಇಳಿದು, ಒಂದು ಜಡೆ ಬಿಚ್ಚಿಹೋಗಿ, ಮೇಲೆ ನೋಡಿ ಕೈ ಬೀಸಿತು. ಶೈಲಾ ಕೈ ಎತ್ತಿದಳು. ಅಷ್ಟರಲ್ಲಿ ಅತ್ತ ಕಡೆ ಫೋನ್ ಎತ್ತಿದರು.

“ಹಲೋ, ನಾನ್ರಿ, ಆಸ್ಪತ್ರಿ ಕಡೆಯಿಂದ,” ಎಂದಳು ಶೈಲಾ.

ಅತ್ತಲಿನ ಹೆಂಗಸು ಗುರುತು ಸಿಕ್ಕಂತೆ, “ಅಯ್ಯ, ನೀವೇನ್ರಿ ಅಕ್ಕಾರ,” ಎಂದಳು. ಮತ್ತೇನೂ ಹೇಳಲಿಲ್ಲ. ಶೈಲಾ ಫೋನನ್ನು ಕಿವಿಗೊತ್ತಿ ಹಿಡಿದು, ಆ ಉಸಿರಿನ ಹಿಂದೆ, ಲಾರಿಗಳ ಸದ್ದಿನ ಹಿಂದೆ, ಎಲ್ಲಾದರೂ ಒಂದು ಕೂಸು ಅಳುತ್ತದೆಯೇ ಎಂದು ಕೇಳುತ್ತ ನಿಂತಳು.